ಅತ್ತೆ ತಿನ್ನಿಸಿದ ಲೇಹ್ಯ

ರಾಜಾಜಿನಗರದ ಮನೆಯಲ್ಲಿ ನನಗೆಂದೇ ಒಂದು ಕೋಣೆ ಇತ್ತು. ಊರಲ್ಲಿ ನಾವು ಅಕ್ಕತಂಗಿಯರು ನಾಲ್ವರೂ ಒಂದೇ ಕೌದಿಯ ಕೆಳಗೆ ಮಲಗಿ, ಅದನ್ನು ಎಳೆದಾಡಿ, ಅವ್ವನಿಂದ ಬೈಸಿಕೊಂಡು ನಿದ್ದೆ ಹೋಗುತ್ತಿದ್ದೆವು. ಇಲ್ಲಿ ಕಬ್ಬಿಣದ ಮಂಚ, ಬಿಳಿ ಚಾದರ, ಗೋಡೆಗೆ ಒತ್ತಿಟ್ಟ ಹೊಲಿಗೆ ಯಂತ್ರ, ಕಿಟಕಿಯಾಚೆ ಇನ್ನೂ ಮನೆ ಏಳದ ಖಾಲಿ ಸೈಟುಗಳು. ಕೆಂಪು ಗಾರೆಯ ನೆಲ ಎಷ್ಟು ನುಣುಪಾಗಿತ್ತೆಂದರೆ ಮೊದಲ ದಿನ ಅದರ ಮೇಲೆ ಕಾಲಿಡಲು ಹೆದರಿ ಅಂಚಿನಲ್ಲೇ ನಡೆದಿದ್ದೆ. ಕೋಣೆಗೆ ಬಾಗಿಲಿತ್ತು, ಬಾಗಿಲಿಗೆ ಚಿಲಕವಿತ್ತು. ಅದನ್ನು ಯಾರು ಬಾರದಂತೆ ಹಾಕಿಕೊಳ್ಳಬೇಕೆಂದು ತಿಳಿಯದೆ ಬಹಳ ದಿನ ತೆರೆದೇ ಇಟ್ಟಿದ್ದೆ.

ಅದು ಅಪ್ಪನ ಅಕ್ಕ ಸುಶೀಲತ್ತೆಯ ಮನೆ. ಅವರಿಗೆ ಮಕ್ಕಳಿರಲಿಲ್ಲ. ಒಂದು ಬೇಸಿಗೆ ರಾಣೆಬೆನ್ನೂರಿನ ಹತ್ತಿರದ ನಮ್ಮ ಹಳ್ಳಿಗೆ ಬಂದವರು, ನಮ್ಮ ನಾಲ್ವರನ್ನೂ ಸಾಲಾಗಿ ಕೂರಿಸಿಕೊಂಡು ಊಟ ಮಾಡಿ, ಕೈ ತೊಳೆದ ಮೇಲೆ ಅಪ್ಪನ ಹತ್ತಿರ, ಒಬ್ಬಳನ್ನು ನನ್ನ ಜೊತೆ ಕಳಿಸು, ಓದಿಸುತ್ತೇನೆ ಎಂದಿದ್ದರು. ದೊಡ್ಡವರಿಬ್ಬರು ಅವ್ವನ ಕೆಲಸಕ್ಕೆ ಬೇಕಿತ್ತು. ಚಿಕ್ಕವಳು ಅವ್ವನನ್ನು ಬಿಟ್ಟು ಇರುವವಳಲ್ಲ. ಹಾಗೆ ಉಳಿದವಳು ನಾನು. ರೈಲು ಹತ್ತಿಸುವಾಗ ಅಪ್ಪ ಹೇಳಿದ್ದು ಒಂದೇ ಮಾತು, ಅತ್ತಿ ಹೇಳಿದಂಗ ಕೇಳು ಎಂದು. ಊರಿನಲ್ಲಿ ಶಾಂತವ್ವ ಆಗಿದ್ದ ನಾನು ಬೆಂಗಳೂರಿನಲ್ಲಿ ಶಾಂತಾ ಆದೆ. ಅತ್ತಿ ಎನ್ನುತ್ತಿದ್ದವಳು ಅತ್ತೆ ಎನ್ನುವುದನ್ನು ಕಲಿತೆ.

ಅತ್ತೆ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ಗಣಿತದ ಟೀಚರು. ಇಸ್ತ್ರಿ ಮಾಡಿದ ವಾಯಿಲ್ ಸೀರೆ, ಎಡಗೈಗೆ ಗಡಿಯಾರ, ಹಣೆಯಲ್ಲಿ ತೆಳ್ಳಗೆ ವಿಭೂತಿ. ಕೆಟ್ಟವರಲ್ಲ. ಬಂದ ವಾರವೇ ನನಗೆ ಹೊಸ ಯೂನಿಫಾರ್ಮು, ರಿಬ್ಬನ್ನು, ಕಂಪಾಸ್ ಪೆಟ್ಟಿಗೆ ತಂದುಕೊಟ್ಟರು. ಆದರೆ ಕೊಟ್ಟಿದ್ದೆಲ್ಲ ಮೇಜಿನ ಮೇಲೆ ಇರುತ್ತಿತ್ತು, ಕೈಯಿಂದ ಕೈಗೆ ಬರುತ್ತಿರಲಿಲ್ಲ. ಮಕ್ಕಳನ್ನು ಮುಟ್ಟಿ ಅಭ್ಯಾಸವಿಲ್ಲದ ಹೆಂಗಸು ಎಂಬುದು ಈಗ ಹೊಳೆಯುತ್ತದೆ. ಮಾವ ಸರ್ಕಾರಿ ಕಚೇರಿಯ ನೌಕರರು, ಸಂಜೆ ಬಂದರೆ ಆರಾಮಕುರ್ಚಿ ಮತ್ತು ರೇಡಿಯೋ. ಊಟದ ಹೊತ್ತಿನಲ್ಲಿ ಮೂವರೂ ಮೇಜಿನ ಸುತ್ತ ಕೂತು ಅನ್ನ, ಸಾರು, ಪಲ್ಯ ಉಣ್ಣುತ್ತಿದ್ದೆವು. ತಟ್ಟೆಗೆ ಬೆರಳು ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿರುತ್ತಿರಲಿಲ್ಲ. ರೊಟ್ಟಿ ಬೇಕೆಂದು ಕೇಳಬಹುದಿತ್ತೇನೋ. ಯಾರೂ ಕೇಳದ್ದನ್ನು ನಾನೇ ಹೇಗೆ ಹೇಳುವುದೆಂದು ಸುಮ್ಮನಿದ್ದೆ. ಶಾಲೆ ಬಿಟ್ಟ ಮೇಲೆ ಅತ್ತೆಗೆ ಸ್ಪೆಷಲ್ ಕ್ಲಾಸು. ನಾನು ಕೊರಳಿಗೆ ಕಟ್ಟಿದ ಬೀಗದಕೈಯಿಂದ ಬಾಗಿಲು ತೆರೆದು, ಮುಚ್ಚಿಟ್ಟ ಹಾಲು ಕುಡಿದು, ಅವರು ಬರುವ ತನಕ ಹಿತ್ತಲ ನುಗ್ಗೆಮರದ ಕೆಳಗೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದೆ. ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ಸೈಕಲ್ಲುಗಳ ಸಾಲು ಬೀದಿಯಲ್ಲಿ ಹಾದುಹೋಗುತ್ತಿತ್ತು. ಆ ಹೊತ್ತಿನಲ್ಲಿ ಊರಲ್ಲಿ ಯಾರು ಏನು ಮಾಡುತ್ತಿರಬಹುದೆಂದು ಒಬ್ಬೊಬ್ಬರನ್ನಾಗಿ ನೆನೆಯುತ್ತಿದ್ದೆ.

ಅತ್ತೆಯ ಶಾಲೆಯ ಆವರಣದಲ್ಲೇ ಮಿಡ್ಲ್ ಸ್ಕೂಲೂ ಇತ್ತು, ನನ್ನನ್ನು ಅಲ್ಲಿಗೆ ಸೇರಿಸಿದ್ದರು. ಮೊದಲ ವಾರ ಬಾಯಾರಿಕೆಯಾಗಿ ಎದ್ದುನಿಂತು, "ನೀರು ಕುಡದ ಬರ್ತೀನ್ರಿ ಟೀಚರ್" ಎಂದೆ. ಇಡೀ ತರಗತಿ ನಕ್ಕಿತು. ಟೀಚರೂ ಮುಗುಳ್ನಕ್ಕರು. ಬಿಡುವಿನಲ್ಲಿ ಹುಡುಗಿಯರು ಸುತ್ತ ಸೇರಿ, ಇನ್ನೊಂದು ಸಲ ಹೇಳೇ ಎಂದು ಕೇಳಿದರು. ಅವರಿಗೆ ಕೆಟ್ಟ ಮನಸ್ಸಿರಲಿಲ್ಲ, ಹೊಸ ಆಟ ಸಿಕ್ಕಿತ್ತು ಅಷ್ಟೇ. ಅಂದಿನಿಂದ ನಾನು ಬಾಯಿ ತೆರೆಯುವ ಮೊದಲು ಇಡೀ ವಾಕ್ಯವನ್ನು ಒಳಗೇ ಅವರ ಕನ್ನಡಕ್ಕೆ ಬದಲಾಯಿಸಿಕೊಳ್ಳತೊಡಗಿದೆ. ಅದು ಸಿದ್ಧವಾಗುವಷ್ಟರಲ್ಲಿ ಪ್ರಶ್ನೆ ಮುಂದಿನ ಬೆಂಚಿಗೆ ಹೋಗಿರುತ್ತಿತ್ತು. ಗೊತ್ತಿದ್ದ ಉತ್ತರಕ್ಕೂ ನಿಂತಲ್ಲೇ ನಿಂತಿರುತ್ತಿದ್ದೆ. ಕೆಲವೇ ವಾರಗಳಲ್ಲಿ ನಮ್ಮ ಕ್ಲಾಸ್ ಟೀಚರು ಅತ್ತೆಗೆ, ಹುಡುಗಿ ಒಳ್ಳೆಯವಳು, ಆದರೆ ಸ್ವಲ್ಪ ಮಂದ ಎಂದು ಹೇಳಿದರಂತೆ. ಅದನ್ನು ಹೇಳಿದ್ದು ಸ್ಟಾಫ್ ರೂಮಿನಲ್ಲಿ, ಎಲ್ಲರ ಎದುರಿಗೆ.

ಆ ರಾತ್ರಿ ಊಟದ ಮೇಜಿನಲ್ಲಿ ಅತ್ತೆ ಅನ್ನ ಕಲಸುತ್ತಾ ಕಲಸುತ್ತಾ ನಿಲ್ಲಿಸಿದರು.

"ಮಂದ ಅಂತೆ ಇವಳು."

"ಹೊಸ ಜಾಗ ಕಣೇ. ನಿಧಾನಕ್ಕೆ ಸರಿಹೋಗ್ತಾಳೆ ಬಿಡು," ಎಂದರು ಮಾವ.

"ನಿಧಾನ ಅಂದ್ರೆ ಯಾವಾಗ? ನಾನು ಪಾಠ ಹೇಳೋ ಶಾಲೆ ಅದು."

ನಾನು ಅಲ್ಲೇ ಕೂತಿದ್ದೆ. ನಿನಗೆ ಏನಾಗಿದೆ ಎಂದು ಇಬ್ಬರಲ್ಲಿ ಯಾರಾದರೂ ಕೇಳಿದ್ದರೆ ಬಹುಶಃ ಹೇಳಿಬಿಡುತ್ತಿದ್ದೆ. ಮಾವ ಎದ್ದು ಹೋಗಿ ರೇಡಿಯೋ ಹಾಕಿದರು.

ಮುಂದಿನ ಭಾನುವಾರ ಅತ್ತೆ ನನ್ನನ್ನು ಕಾಮಾಕ್ಷಿಪಾಳ್ಯದ ಒಬ್ಬ ಪಂಡಿತರ ಹತ್ತಿರ ಕರೆದುಕೊಂಡು ಹೋದರು. ಅತ್ತೆಯ ಜೊತೆಗೆ ಕೆಲಸ ಮಾಡುವ ಟೀಚರೊಬ್ಬರ ಮಗ ಅವರ ಔಷಧಿ ತಿಂದು ಪಾಸಾಗಿದ್ದನಂತೆ. ಮಾಗಡಿ ರಸ್ತೆಯಿಂದ ಒಳಗೆ, ಲೇತ್ ಯಂತ್ರಗಳು ಗರ್ ಎನ್ನುವ ಶೆಡ್ಡುಗಳ ನಡುವೆ ಅವರ ಮನೆ. ಮುಂದಿನ ಕೋಣೆಯೇ ಔಷಧದಂಗಡಿ. ಪಂಡಿತರು ನನ್ನ ನಾಡಿ ಹಿಡಿದರು, ನಾಲಿಗೆ ನೋಡಿದರು, ಹೆಸರು ಕೇಳಿದರು. ಶಾಂತವ್ವ ಎನ್ನಬೇಕೋ ಶಾಂತಾ ಎನ್ನಬೇಕೋ ಎಂದು ನಾನು ತಡವರಿಸಿದೆ. ಅವರು ಅತ್ತೆಯ ಕಡೆ ನೋಡಿ ತಲೆಯಾಡಿಸಿದರು. ಬ್ರಾಹ್ಮಿ, ಬಜೆ, ತುಪ್ಪ, ಜೇನುತುಪ್ಪ ಹಾಕಿ ಲೇಹ್ಯ ಮಾಡಿಕೊಡುತ್ತೇನೆ, ವರ್ಷ ತಿನ್ನಿಸಿದರೆ ನೆನಪಿನ ಶಕ್ತಿ ಕುದುರುತ್ತದೆ ಎಂದರು. ಅಷ್ಟು ದಿನ ಕಾಯುವುದಕ್ಕಾಗುವುದಿಲ್ಲ, ಅರ್ಧವಾರ್ಷಿಕ ಪರೀಕ್ಷೆ ಬಂದೇಬಿಟ್ಟಿತು, ಬೇಗ ಗುಣ ಕಾಣುವಂಥದ್ದು ಇಲ್ಲವೇ ಎಂದು ಅತ್ತೆ ಕೇಳಿದರು. ಪಂಡಿತರು ಸ್ವಲ್ಪ ಯೋಚಿಸಿ, ನರಕ್ಕೆ ಚುರುಕು ಕೊಡುವಂಥದ್ದು ಒಂದಿದೆ, ಸೇರಿಸುತ್ತೇನೆ ಎಂದರು. ಅದೇನೆಂದು ಅತ್ತೆ ಕೇಳಲಿಲ್ಲ.

ಲೇಹ್ಯ ಬಿಳಿ ಪಿಂಗಾಣಿ ಭರಣಿಯಲ್ಲಿ ಬಂತು. ಬೆಳಿಗ್ಗೆ ಸ್ನಾನವಾಗಿ, ಅತ್ತೆ ಲಿಂಗಪೂಜೆ ಮುಗಿಸಿ ಎದ್ದ ಮೇಲೆ, ದೇವರ ಕೋಣೆಯ ಬಾಗಿಲಲ್ಲಿ ನಾನು ನಿಲ್ಲಬೇಕು. ಅತ್ತೆ ಒಂದು ಕೈಯಿಂದ ನನ್ನ ಗಲ್ಲ ಎತ್ತಿಹಿಡಿದು, ಇನ್ನೊಂದು ಕೈಯಿಂದ ಚಮಚವನ್ನು ನಾಲಿಗೆಗೆ ಒತ್ತಿ, ತುಟಿಯ ಅಂಚಿಗೆ ಅಂಟಿದ್ದನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದರು. ಮೊದಲು ಜೇನಿನ ಸಿಹಿ, ಆಮೇಲೆ ಗಂಟಲಿನಾಳಕ್ಕೆ ಇಳಿದು ಮಧ್ಯಾಹ್ನದವರೆಗೂ ಬಿಡದ ಕಹಿ. ಅವರ ಕೈಯಿಂದ ವಿಭೂತಿಯ, ಸೀಮೆಸುಣ್ಣದ ವಾಸನೆ ಬರುತ್ತಿತ್ತು. ನುಂಗುವ ತನಕ ನನ್ನ ಮುಖವನ್ನೇ ನೋಡುತ್ತಿದ್ದರು. ಇಡೀ ದಿನದಲ್ಲಿ ಆ ಮನೆಯಲ್ಲಿ ಯಾರಾದರೂ ನನ್ನನ್ನು ಮುಟ್ಟುತ್ತಿದ್ದದ್ದು ಆಗ ಮಾತ್ರ. ಬೆಳಿಗ್ಗೆ ಎಚ್ಚರವಾದೊಡನೆ ನಾನು ಅದಕ್ಕಾಗಿ ಕಾಯುತ್ತಿದ್ದೆ.

ಲೇಹ್ಯ ಕೆಲಸ ಮಾಡಿತು. ಅದನ್ನು ಮುಚ್ಚಿಡುವಂತಿಲ್ಲ. ಕೆಲವು ದಿನಗಳಲ್ಲಿ ನನ್ನ ಮೈಯಲ್ಲಿ ಏನೋ ಬಿಗಿದು ನಿಂತಂತಾಯಿತು. ಎಲ್ಲವೂ ಹತ್ತಿರದಿಂದ ಕೇಳಿಸತೊಡಗಿತು, ಸ್ಪಷ್ಟವಾಗಿ ಕಾಣತೊಡಗಿತು. ತರಗತಿಯಲ್ಲಿ ಟೀಚರು ಪ್ರಶ್ನೆ ಮುಗಿಸುವ ಮೊದಲೇ, ನಾಚಿಕೆಪಡಲು ಸಮಯ ಸಿಗುವ ಮೊದಲೇ, ಉತ್ತರ ಬಾಯಿಂದ ಹೊರಬಿದ್ದಿರುತ್ತಿತ್ತು. ಅರ್ಧವಾರ್ಷಿಕದಲ್ಲಿ ಒಳ್ಳೆಯ ನಂಬರು ಬಂತು. ಅತ್ತೆ ಆ ದಿನ ಮಾವನಿಗೆ, ನೋಡಿದ್ರಾ ಎಂದಷ್ಟೇ ಹೇಳಿದರು. ಮಾರನೆಯ ದಿನದಿಂದ ಚಮಚ ತುಂಬಾ ಲೇಹ್ಯ ಬರತೊಡಗಿತು. ಅದುವರೆಗೆ ಅರ್ಧ ಚಮಚವಿತ್ತು.

ಆಮೇಲಿನದು ಸಣ್ಣ ಸಣ್ಣದಾಗಿ ಶುರುವಾಯಿತು. ಬೆಳಿಗ್ಗೆ ಉಪ್ಪಿಟ್ಟು ಜಗಿಯಲು ದವಡೆ ತೆರೆಯುತ್ತಿರಲಿಲ್ಲ, ಯಾರೋ ಒಳಗಿನಿಂದ ದಾರ ಕಟ್ಟಿ ಎಳೆದಂತೆ ಬಿಗಿಯುತ್ತಿತ್ತು. ಬೆಂಚಿನ ಮೇಲೆ ಕೂತಾಗ ಮೀನಖಂಡ ತನ್ನಷ್ಟಕ್ಕೆ ತಾನೇ ಹಾರುತ್ತಿತ್ತು. ರಾತ್ರಿ ನಿದ್ದೆ ಬಾರದಾಯಿತು. ಸದ್ದುಗಳಂತೂ ಮೈಗೆ ಬಂದು ಹೊಡೆಯುತ್ತಿದ್ದವು. ಶಾಲೆಯ ಗಂಟೆ, ಕುಕ್ಕರಿನ ಸೀಟಿ, ಬಚ್ಚಲಲ್ಲಿ ಬಿದ್ದ ತಂಬಿಗೆ, ಎಲ್ಲಕ್ಕೂ ಬೆಚ್ಚಿಬೀಳುತ್ತಿದ್ದೆ. ಇದನ್ನು ಕಂಡುಹಿಡಿದ ಹುಡುಗಿಯರು ಕಾಗದದ ಪೊಟ್ಟಣಕ್ಕೆ ಗಾಳಿ ಊದಿ ನನ್ನ ಬೆನ್ನ ಹಿಂದೆ ಒಡೆಯತೊಡಗಿದರು. ಸೈರನ್ ಕೂಗುವ ಹೊತ್ತಿಗೆ ಹಿತ್ತಲಲ್ಲಿ ಕೂರುವುದನ್ನು ಬಿಟ್ಟೆ. ಕೋಣೆಯ ಬಾಗಿಲಿಗೆ ಮೊದಲ ಸಲ ಚಿಲಕ ಹಾಕಿಕೊಂಡು, ದಿಂಬಿನ ಕೆಳಗೆ ತಲೆ ಇಟ್ಟು, ಅದು ಕೂಗಿ ಮುಗಿಯುವುದನ್ನು ಕಾಯುತ್ತಿದ್ದೆ.

ಇದು ಲೇಹ್ಯದಿಂದಲೇ ಎಂದು ನನಗೆ ಗೊತ್ತಾಗಿತ್ತು. ಒಮ್ಮೆ ಅತ್ತೆ ತುಮಕೂರಿನ ನೆಂಟರ ಮನೆಗೆ ಹೋಗಿ ಎರಡು ದಿನ ಉಳಿದರು. ಮಾವನಿಗೆ ಲೇಹ್ಯದ ನೆನಪಾಗಲಿಲ್ಲ. ಎರಡನೆಯ ದಿನ ದವಡೆ ಸಡಿಲವಾಯಿತು, ನಿದ್ದೆ ಬಂತು. ಹತ್ತು ವರ್ಷದ ಹುಡುಗಿಗೂ ಅರ್ಥವಾಗುವಂಥ ಲೆಕ್ಕ ಅದು. ಆದರೂ ಅತ್ತೆ ವಾಪಸ್ ಬಂದ ಮರುದಿನ ಬೆಳಿಗ್ಗೆ ದೇವರ ಕೋಣೆಯ ಬಾಗಿಲಲ್ಲಿ ಹೋಗಿ ನಿಂತೆ. ಅವರು ಗಲ್ಲ ಎತ್ತಿ ಹಿಡಿದರು. ಬಾಯಿ ತೆರೆದೆ.

ಕಾರ್ತಿಕದ ಒಂದು ಸೋಮವಾರ ಸಂಜೆ ಮನೆಗೆ ಜನ ಬಂದಿದ್ದರು, ಅತ್ತೆಯ ಶಾಲೆಯ ಟೀಚರುಗಳು, ಬೀದಿಯ ಹೆಂಗಸರು. ಹೊಸಿಲಿನ ಎರಡೂ ಬದಿ ದೀಪ ಹಚ್ಚಿತ್ತು. ನನ್ನ ಕೈಲಿ ವಚನ ಹೇಳಿಸಬೇಕೆಂದು ಅತ್ತೆ ವಾರದಿಂದ ಕಲಿಸಿದ್ದರು. ಮಂದ ಎಂದಿದ್ದ ಟೀಚರೂ ಬಂದಿದ್ದರಲ್ಲ. ನಾನು ನಡುಮನೆಯಲ್ಲಿ ನಿಂತು ಶುರುಮಾಡಿದೆ. ಎರಡು ಸಾಲು ಹೇಳಿರಬೇಕು, ಅಡಿಗೆಮನೆಯಲ್ಲಿ ಯಾರ ಕೈಯಿಂದಲೋ ಹಿತ್ತಾಳೆಯ ಹರಿವಾಣ ಜಾರಿ ಗಾರೆಯ ಮೇಲೆ ಬಿತ್ತು. ಆ ಸದ್ದು ನನ್ನೊಳಗೆ ಹೊಕ್ಕಂತಾಗಿ ಇಡೀ ಮೈ ಒಂದೇ ಸಲಕ್ಕೆ ಸೆಟೆದುಕೊಂಡಿತು. ಬೆನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿತು, ಹಲ್ಲು ಕಚ್ಚಿಕೊಂಡವು, ಮರದ ಹಲಗೆಯಂತೆ ಬಿದ್ದೆ. ಪ್ರಜ್ಞೆ ತಪ್ಪಿರಲಿಲ್ಲ, ಅದೇ ಎಲ್ಲಕ್ಕಿಂತ ಭಯಂಕರ. ಎಲ್ಲವೂ ಕೇಳಿಸುತ್ತಿತ್ತು. ಒಬ್ಬರು ಫಿಟ್ಸ್ ಎಂದರು, ಒಬ್ಬರು ಕಬ್ಬಿಣದ ಬೀಗದಕೈ ಹಿಡಿಸಿ ಎಂದರು. ಮುಟ್ಟಿದಾಗಲೆಲ್ಲ ಮೈ ಮತ್ತೆ ಸೆಳೆಯುತ್ತಿತ್ತು, ಮುಟ್ಟಬೇಡಿ ಎಂದು ಹೇಳಲು ಬಾಯಿ ಬರುತ್ತಿರಲಿಲ್ಲ. ಮಾವ ಎತ್ತಿಕೊಂಡು ಆಟೋ ಹತ್ತಿಸಿದರು.

ಡಾಕ್ಟರು ವಯಸ್ಸಾದವರು. ಮೊದಲು ಮಾಡಿದ ಕೆಲಸವೆಂದರೆ ಕಿಟಕಿ ಮುಚ್ಚಿಸಿ, ದೀಪ ಆರಿಸಿ, ಯಾರೂ ಮಾತಾಡಬೇಡಿ ಎಂದದ್ದು. ಒಂದು ಇಂಜೆಕ್ಷನ್ ಕೊಟ್ಟರು. ಮೈ ಸಡಿಲಾದ ಮೇಲೆ, ಏನು ತಿನ್ನಿಸುತ್ತಿದ್ದೀರಿ ಎಂದು ಕೇಳಿದರು. ಮಾವ ಲೇಹ್ಯದ ಸಂಗತಿ ಹೇಳಿದರು. ಮರುದಿನ ಭರಣಿ ತರಿಸಿ, ತುಸುವೇ ತೆಗೆದು ನಾಲಿಗೆಯ ತುದಿಗೆ ಮುಟ್ಟಿಸಿ ಉಗಿದರು.

"ಕಾಸರಕ ಹಾಕಿದಾರೆ ಅಂತ ನನ್ನ ಅನುಮಾನ. ನಂಜಿನ ಬೀಜ ಅದು. ಶುದ್ಧಿ ಮಾಡಿ, ದೊಡ್ಡೋರಿಗೆ ಚಿಟಿಕೆ ಲೆಕ್ಕದಲ್ಲಿ ಕೊಡೋರಿದಾರೆ. ಇದ್ರಲ್ಲಿ ಎಷ್ಟಿದೆ ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಮಗು ಮೈಯಲ್ಲಿ ತೂಕ ಎಷ್ಟಿದೆ ನೋಡಿ."

"ಗಿಡಮೂಲಿಕೆ ಡಾಕ್ಟ್ರೇ ಅದು. ನಮ್ಮಜ್ಜಿ ನಮಗೆಲ್ಲ ಬ್ರಾಹ್ಮಿ ಕೊಟ್ಟೇ ಬೆಳೆಸಿದ್ದು," ಎಂದರು ಅತ್ತೆ.

"ಅವರು ಕೊಟ್ಟಿದ್ದೂ ಇದೇನಾ ಅಮ್ಮ?"

ಅತ್ತೆ ಒಪ್ಪಲಿಲ್ಲ. ಮನೆಗೆ ಬಂದ ಮೇಲೆ, ಫಿಟ್ಸ್ ಬೇರೆ ಕಾರಣಕ್ಕೂ ಬರುತ್ತದೆ, ಡಾಕ್ಟರುಗಳಿಗೆ ನಾಟಿ ಔಷಧಿ ಕಂಡರೆ ಆಗುವುದಿಲ್ಲ ಎಂದು ಮಾವನ ಜೊತೆ ವಾದಿಸಿದರು. ಮಾವ ಜೋರು ದನಿಯವರಲ್ಲ. ಅವತ್ತೂ ಮೆಲ್ಲಗೇ ಹೇಳಿದರು.

"ಹೆತ್ತಿದ್ರೆ ಗೊತ್ತಾಗ್ತಿತ್ತು ನಿನಗೆ."

ಕೋಣೆಯ ಮಂಚದ ಮೇಲಿದ್ದ ನನಗೂ ಅದು ಕೇಳಿಸಿತು. ಅತ್ತೆ ಅಡಿಗೆಮನೆಗೆ ಹೋದರು. ಆಗಲೇ ತೊಳೆದಿಟ್ಟಿದ್ದ ಅಕ್ಕಿಯನ್ನು ಮತ್ತೆ ತೊಳೆಯುವ ಸದ್ದು ಬಹಳ ಹೊತ್ತು ಬರುತ್ತಿತ್ತು. ಆ ದಿನದಿಂದ ಗಂಡ ಹೆಂಡಿರ ನಡುವೆ ಮಾತು ನಿಂತಿತು. ಮೂರು ಕೋಣೆಯ ಮನೆಯಲ್ಲಿ ಮೂವರು, ಒಬ್ಬೊಬ್ಬರೂ ಒಂದೊಂದು ಕೋಣೆಯಲ್ಲಿ.

ಅತ್ತೆ ನನಗೆ ಲೇಹ್ಯ ಕೊಡುವುದನ್ನು ನಿಲ್ಲಿಸಿದರು. ಡಾಕ್ಟರ ಹತ್ತಿರದಿಂದ ವಾಪಸ್ ತಂದ ಭರಣಿಯಿಂದ ತಾವು ತಿನ್ನತೊಡಗಿದರು. ಅದನ್ನು ಕಂಡವಳು ನಾನೊಬ್ಬಳೇ. ಪೂಜೆ ಮುಗಿಸಿ ಎದ್ದು, ನನಗೆ ಕೊಡುತ್ತಿದ್ದಷ್ಟನ್ನೇ ಚಮಚದಲ್ಲಿ ತೆಗೆದು ಬಾಯಿಗಿಟ್ಟುಕೊಳ್ಳುತ್ತಿದ್ದರು. ದಿನಗಳು ಕಳೆದರೂ ಅವರಿಗೆ ಏನೂ ಆಗಲಿಲ್ಲ. ಅತ್ತೆ ಹಟದವರು, ಆದರೆ ತಮಗೆ ತಾವು ಮೋಸ ಮಾಡಿಕೊಳ್ಳುವವರಲ್ಲ. ಒಂದು ಬೆಳಿಗ್ಗೆ ಅಡಿಗೆಮನೆಯ ಕಡಪಾ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಮಾಡುತ್ತಿದ್ದರು. ನನ್ನ ತೂಕ, ಅವರ ತೂಕ, ಲೇಹ್ಯದ ಅಳತೆ. ಮಕ್ಕಳಿಗೆ ತಾವೇ ಕಲಿಸುತ್ತಿದ್ದ ತ್ರೈರಾಶಿ. ಉತ್ತರವನ್ನು ಸ್ವಲ್ಪ ಹೊತ್ತು ನೋಡುತ್ತಾ ನಿಂತು, ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟರು. ಅಂದಿನಿಂದ ಚಮಚದ ಮೇಲೆ ಚಮಚ, ಉತ್ತರದಲ್ಲಿ ಬಂದಷ್ಟನ್ನೂ ತಿಂದರು.

ವಾರ ಕಳೆಯುವಷ್ಟರಲ್ಲಿ ಅತ್ತೆ ಉಪ್ಪಿಟ್ಟನ್ನು ತಟ್ಟೆಯಲ್ಲೇ ಬಿಟ್ಟು ಏಳತೊಡಗಿದರು. ಪಾಠ ಮಾಡುವಾಗ ಸೀಮೆಸುಣ್ಣ ಮುರಿಯುತ್ತಿದೆಯೆಂದು ಅವರ ತರಗತಿಯ ಹುಡುಗಿಯರು ಮಾತಾಡಿಕೊಳ್ಳುವುದು ಕೇಳಿಸಿತು. ಒಂದು ಶನಿವಾರ ಮಧ್ಯಾಹ್ನ, ಮಾವ ಮನೆಯಲ್ಲಿರಲಿಲ್ಲ, ನಾವಿಬ್ಬರೂ ಅಡಿಗೆಮನೆಯಲ್ಲಿ ಇದ್ದೆವು. ನಾನು ತೊಳೆದ ಲೋಟಗಳನ್ನು ಒರೆಸಿಕೊಡುತ್ತಿದ್ದೆ. ಒಂದು ಸ್ಟೀಲ್ ಲೋಟ ಅಂಚಿನಿಂದ ಉರುಳಿ ಕೆಳಗೆ ಬಿತ್ತು. ಇಬ್ಬರೂ ಒಟ್ಟಿಗೇ ಬೆಚ್ಚಿಬಿದ್ದೆವು. ನನ್ನದು ಹಳೆಯ ಭಯ. ಅತ್ತೆಯ ಕೈ ಮಾತ್ರ ಆಮೇಲೂ ನಡುಗುತ್ತಲೇ ಇತ್ತು. ಅವರು ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟರು. ಲೋಟ ಉರುಳುತ್ತಾ ಹೋಗಿ ಗೋಡೆಗೆ ತಾಗಿ ನಿಂತಿತು.

"ನಿನಗೂ ಹೀಗೇ ಆಗ್ತಿತ್ತಾ?"

"ಹೂಂ."

"ದವಡೆ?"

"ಹೂಂ. ಕಾಲೂ."

"ಎಷ್ಟು ದಿನದಿಂದ?"

"ಪರೀಕ್ಷೆ ಆದಾಗಿಂದ."

ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು.

"ಯಾಕೆ ಹೇಳ್ಲಿಲ್ಲ ಶಾಂತಾ?"

"ಊರಿಗೆ ಕಳಿಸ್ತೀರಿ ಅಂತ."

ಅದು ಅರ್ಧ ನಿಜ. ಇನ್ನರ್ಧವನ್ನು, ಬೆಳಗಿನ ಆ ಗಳಿಗೆಯನ್ನು, ಹೇಳಲು ನನಗೆ ಮಾತು ಗೊತ್ತಿರಲಿಲ್ಲ. ಯಾವ ಕನ್ನಡದಲ್ಲೂ ಗೊತ್ತಿರಲಿಲ್ಲ. ಅತ್ತೆ ಅಳಲಿಲ್ಲ. ಸೀರೆ ಸರಿಮಾಡಿಕೊಂಡು ಎದ್ದು, ಚಪ್ಪಲಿ ಮೆಟ್ಟಿಕೊಂಡು, ಬಾ ಎಂದರು.

ಪಂಡಿತರು ಏನನ್ನೂ ಮುಚ್ಚಿಡಲಿಲ್ಲ. ಕಾಸರಕವೇ, ಹಸುವಿನ ಹಾಲಿನಲ್ಲಿ ಬೇಯಿಸಿ ಶುದ್ಧಿ ಮಾಡಿದ್ದು, ಎಷ್ಟೋ ಜನರಿಗೆ ಕೊಟ್ಟಿದ್ದೇನೆ, ಯಾರಿಗೂ ಏನೂ ಆಗಿಲ್ಲ ಎಂದರು. ಅರ್ಧ ಚಮಚ ಹೇಳಿದ್ದೆನಲ್ಲ, ಎಷ್ಟು ಕೊಟ್ಟಿರಿ ಎಂದು ಕೇಳಿದರು. ಅತ್ತೆ ನಿಜ ಹೇಳಿದರು. ಅದು ದೊಡ್ಡವರಿಗೇ ಚಿಟಿಕೆ ಲೆಕ್ಕದಲ್ಲಿ ಕೊಡುವಂಥದ್ದು ಎಂದು ಡಾಕ್ಟರು ಹೇಳುತ್ತಾರೆ ಎಂದೂ ಹೇಳಿದರು. ಪಂಡಿತರು ಕೈಲಿದ್ದ ಡಬ್ಬಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು.

"ಬ್ರಾಹ್ಮಿ ಒಂದ್ರಿಂದ ಅಷ್ಟು ಬೇಗ ಗುಣ ಕಾಣಲ್ಲ ತಾಯಿ. ಬೇಗ ಬೇಕು ಅಂದೋರು ನೀವೇ."

ವಾಪಸ್ ಬರುವಾಗ ಅತ್ತೆ ಬಸ್ಸು ಹತ್ತಲಿಲ್ಲ, ಮಾಗಡಿ ರಸ್ತೆಯಿಂದ ಮನೆಯವರೆಗೂ ನಡೆದೆವು. ದಾರಿಯಲ್ಲಿ ಒಮ್ಮೆ ನಿಂತು, ಊರಿಗೆ ಹೋಗುತ್ತೀಯಾ ಎಂದು ಕೇಳಿದರು. ನಾನು ತಲೆಯಲ್ಲಾಡಿಸಿದೆ. ಬೇಡ ಎಂದದ್ದು ಯಾಕೆಂದು ಇಂದಿಗೂ ಸರಿಯಾಗಿ ಹೇಳಲಾರೆ. ಲಾರಿಗಳು ಹಾದುಹೋದಾಗಲೆಲ್ಲ ಅತ್ತೆಯ ಹೆಗಲು ಅದುರುತ್ತಿತ್ತು. ಮನೆಗೆ ಬಂದು ಉಳಿದ ಲೇಹ್ಯವನ್ನು ನುಗ್ಗೆಮರದಾಚೆ ಗುಂಡಿ ತೋಡಿ ಮುಚ್ಚಿದರು. ಸಂಜೆ ಮಾವ ಬಂದಾಗ, ತಾವು ತಿಂದದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿದರು. ಮಾವ ರೇಡಿಯೋ ಆರಿಸಿ, ಕುರ್ಚಿಯಿಂದ ಎದ್ದು, ಏನು ಮಾಡಬೇಕೆಂದು ತಿಳಿಯದೆ ಮತ್ತೆ ಕೂತರು. ತಮ್ಮ ಮಾತಿಗೆ ಅವರು ಕ್ಷಮೆ ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಮಾತಂತೂ ಮತ್ತೆ ಶುರುವಾಯಿತು, ಬೇಕಾದಷ್ಟೇ.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ನನ್ನ ಮೈ ಗುಣವಾಯಿತು, ನಿದ್ದೆ ಬಂತು, ಚುರುಕೂ ಹೋಯಿತು. ಮತ್ತೆ ತಡೆದು ತಡೆದು ಮಾತಾಡುವವಳಾದೆ. ಆ ಒಂದು ಸಂಜೆಯ ಸುದ್ದಿಯಿಂದ ಹುಡುಗಿಯರು ಹೆದರಿ ಪೊಟ್ಟಣ ಒಡೆಯುವುದನ್ನು ಬಿಟ್ಟರು, ನನ್ನ ಪಕ್ಕ ಕೂರುವುದನ್ನೂ ಬಿಟ್ಟರು. ಮನೆಯಲ್ಲಿ ಅತ್ತೆ ನನ್ನಿಂದ ಇನ್ನಷ್ಟು ದೂರ ಸರಿದರು. ನನಗೆ ಏನನ್ನಾದರೂ ಕೊಡುವುದಕ್ಕೇ ಅವರಿಗೆ ಭಯ. ಹಾಲಿಗೆ ಸಕ್ಕರೆ ನೀನೇ ಹಾಕಿಕೋ ಎನ್ನುತ್ತಿದ್ದರು. ತಲೆಗೆ ಎಣ್ಣೆಯ ಬಟ್ಟಲನ್ನು ಮುಂದಿಟ್ಟು ಹೋಗುತ್ತಿದ್ದರು. ಕೆಮ್ಮು ಬಂದಾಗ ಒಂದು ಮೆಣಸಿನ ಕಷಾಯವನ್ನೂ ಮಾಡಲಿಲ್ಲ, ನೇರ ಡಾಕ್ಟರ ಹತ್ತಿರ ಕರೆದೊಯ್ದರು. ಬೆಳಿಗ್ಗೆ ಅವರು ಪೂಜೆ ಮುಗಿಸಿ ಬರುವಾಗ ನಾನು ಬಾಗಿಲ ಹತ್ತಿರ ಇದ್ದರೆ, ನನ್ನನ್ನು ಬಳಸಿಕೊಂಡು ಹೋಗುತ್ತಿದ್ದರು. ಕಾಯಿಲೆಯ ದಿನಗಳಿಗಿಂತ ಆ ತಿಂಗಳುಗಳಲ್ಲೇ ನಾನು ಹೆಚ್ಚು ಒಂಟಿಯಾಗಿದ್ದೆ.

ಮುಂದಿನ ಮಳೆಗಾಲದಲ್ಲಿ ನನಗೆ ಜ್ವರ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟರು. ಹೊತ್ತು ಹೊತ್ತಿಗೆ ಮಾವನೇ ಕೊಡುತ್ತಿದ್ದರು, ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಎರಡನೆಯ ದಿನ ಮಾವ ಕಚೇರಿಗೆ ಹೋಗಲೇಬೇಕಾಯಿತು. ಮಧ್ಯಾಹ್ನ ಜ್ವರ ಏರಿತು. ಅತ್ತೆ ಬಂದು ಮಂಚದ ಪಕ್ಕ ನಿಂತರು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ಅಂಗೈಯಲ್ಲಿ ಬಿಳಿ ಮಾತ್ರೆ. ಡಾಕ್ಟರ ಚೀಟಿಯನ್ನು ಓದಿದ್ದರು, ಮತ್ತೆ ಓದಿದ್ದರು, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು. ಆದರೂ ಕೈ ಮುಂದೆ ಬರಲಿಲ್ಲ.

"ಮಾವ ಬರ್ಲಿ. ಇನ್ನೇನು ಬಂದ್ಬಿಡ್ತಾರೆ," ಎಂದರು. ಮಾವ ಬರುವುದು ಸಂಜೆಗೆಂದು ಇಬ್ಬರಿಗೂ ಗೊತ್ತಿತ್ತು.

ನಾನು ಎದ್ದು ಕೂತೆ. ತಲೆ ಸುತ್ತುತ್ತಿತ್ತು.

"ನೀವೇ ಕೊಡ್ರಿ ಅತ್ತಿ," ಎಂದೆ.

ಅವರು ಅಲುಗಾಡಲಿಲ್ಲ. ನಾನು ಅವರ ಮಣಿಕಟ್ಟು ಹಿಡಿದು ಹತ್ತಿರಕ್ಕೆ ಎಳೆದುಕೊಂಡು, ಅಂಗೈಯಿಂದಲೇ ಬಾಯಿಗೆ ಮಾತ್ರೆ ತೆಗೆದುಕೊಂಡೆ. ನೀರು ಕುಡಿದೆ. ಅತ್ತೆ ಮಂಚದ ಅಂಚಿನಲ್ಲಿ ಕೂತರು. ನಾನು ನುಂಗಿ ಬಹಳ ಹೊತ್ತಾದ ಮೇಲೂ ಅವರ ಕೈ ಬಿಡಲಿಲ್ಲ, ಅವರೂ ಬಿಡಿಸಿಕೊಳ್ಳಲಿಲ್ಲ. ಹೊರಗೆ ಮಳೆ ನಿಂತಿತ್ತು. ಸಂಜೆ ಮಾವ ಬಂದು ಬಾಗಿಲು ತಟ್ಟಿದಾಗ ಇಬ್ಬರೂ ಕೂತಲ್ಲೇ ನಿದ್ದೆ ಹೋಗಿದ್ದೆವು.